ಎಲೆ ಕಾಯುವ ಹೋಟೆಲ್

ಕುಂದಾಪುರದ ಕಡವಿನಲ್ಲಿ, ದೋಣಿ ಕಟ್ಟುವ ಕಲ್ಲಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಉರಾಳರ ಹೋಟೆಲ್ ಇತ್ತು. ಅದಕ್ಕೊಂದು ಹೆಸರಿನ ಹಲಗೆ ಇದ್ದದ್ದು ನಿಜ. ಉಪ್ಪುಗಾಳಿಗೆ ಬಣ್ಣ ಎದ್ದುಹೋಗಿ ಅದನ್ನು ಓದುವವರಿರಲಿಲ್ಲ. ಬಾರ್ಕೂರಿನಿಂದಲೋ ಕೊಕ್ಕರ್ಣೆಯಿಂದಲೋ ಬೊಂಬಾಯಿಗೆಂದು ಹೊರಟವರು ‘ಎಲೆ ಕಾಯುವ ಹೋಟೆಲ್ ಎಲ್ಲಿ’ ಎಂದೇ ಕೇಳಿಕೊಂಡು ಬರುತ್ತಿದ್ದರು.

ಮನೆಯಿಂದ ಯಾರಾದರೂ ದೂರ ಹೊರಟರೆ, ಹೊರಟ ಕೂಡಲೇ ಅವರ ಹಿಂದೆ ಕಸ ಗುಡಿಸಬಾರದು, ಉಂಡ ಜಾಗ ಸಾರಿಸಬಾರದು. ಹಾಗೆ ಮಾಡುವುದು ಹೆಣ ಹೊತ್ತುಕೊಂಡು ಹೋದ ಮನೆಯಲ್ಲಿ ಮಾತ್ರ. ಇದು ಈ ಕಡೆಯ ಎಲ್ಲ ಮನೆಗಳಿಗೂ ಗೊತ್ತಿದ್ದ ಮಾತು. ಆದರೆ ಹೋಟೆಲ್ ಎಂದರೆ ಒಬ್ಬ ಎದ್ದ ತಕ್ಷಣ ಎಲೆ ತೆಗೆದು, ಸಾರಿಸಿ, ಇನ್ನೊಬ್ಬನನ್ನು ಕೂರಿಸುವ ಜಾಗ. ಮನೆಯ ಶಾಸ್ತ್ರ ಅಲ್ಲಿ ನಡೆಯುವುದಿಲ್ಲ. ಉರಾಳರ ಹೋಟೆಲಿನಲ್ಲಿ ಮಾತ್ರ ನಡೆಯುತ್ತಿತ್ತು. ಹೊಳೆ ದಾಟಿ ಗಂಗೊಳ್ಳಿಗೆ ಹೋಗಿ ಅಲ್ಲಿಂದ ಹಡಗು ಹತ್ತುವವನು ಅಲ್ಲಿ ಉಂಡು ಎದ್ದರೆ, ಅವನ ದೋಣಿ ಆಚೆ ದಡ ಮುಟ್ಟುವವರೆಗೆ ಎಲೆ ಇದ್ದಲ್ಲೇ ಇರಬೇಕು. ದಡ ಮುಟ್ಟಿದ ದೋಣಿಯವನು ದೋಣಿ ನೂಕುವ ತನ್ನ ಬಿದಿರಿನ ಜಲ್ಲೆಯನ್ನು ಕೆಸರಿನಲ್ಲಿ ನೆಟ್ಟಗೆ ಊರುತ್ತಿದ್ದ. ಈಚೆ ದಡಕ್ಕೆ ಅದು ಕೂದಲೆಳೆಯಂತೆ ಕಂಡ ಮೇಲೆಯೇ ಎಲೆ ಎತ್ತುವುದು.

ಕಟ್ಟಳೆ ಮಾಡಿದವರು ಹೋಟೆಲ್ ತೆರೆದ ಮಂಜುನಾಥ ಉರಾಳರು. ಆಗ ಅದು ತೆಂಗಿನ ಮಡಲು ಹೊದಿಸಿದ ಮಾಡು, ಕೆಳಗೆ ಒಂದು ಒಲೆ, ಅಷ್ಟೆ. ಗಂಜಿ ಉಂಡು ಹೋದ ಹುಡುಗನೊಬ್ಬ ಅವರ ಕಣ್ಣೆದುರೇ ದೋಣಿ ಮಗುಚಿ ಮುಳುಗಿದನಂತೆ. ಅವನ ತಾಯಿ ಬಂದು ಅಳಲಿಲ್ಲವಂತೆ. ‘ನನ್ ಮಗ ಉಂಡ ಎಲೆ ಎಲ್ಲಿತ್ತ್’ ಎಂದು ಕೇಳಿದಳಂತೆ. ಎಲೆ ತಿಪ್ಪೆ ಸೇರಿತ್ತು. ಆವತ್ತಿನಿಂದ ಉರಾಳರು ಎಲೆ ಕಾದರು. ಎಲೆ ಕಾದರೆ ದೋಣಿ ಮುಳುಗುವುದಿಲ್ಲ ಎಂದು ಕಾದರೋ, ಮುಳುಗಿದರೆ ತೋರಿಸಲು ಎಲೆಯಾದರೂ ಇರಲಿ ಎಂದು ಕಾದರೋ, ಅವರನ್ನು ಕೇಳಿದವರಿಲ್ಲ. ಮೊಮ್ಮಗ ಅನಂತಯ್ಯನ ಕಾಲಕ್ಕೆ ಮೊದಲನೆಯದೇ ಕಾರಣ ಎಂದು ಊರು ತೀರ್ಮಾನಿಸಿಬಿಟ್ಟಿತ್ತು.

ಕಟ್ಟಳೆಗೆ ಇನ್ನೊಂದು ಭಾಗವಿತ್ತು. ಹೊರಡುವವನಿಗೆ ಕಡೆಯಲ್ಲಿ ಒಂದು ಚಮಚ ಮೊಸರು, ಅದನ್ನು ಮುತ್ತೈದೆಯೇ ಬಡಿಸಬೇಕು. ಹೆಂಗಸರು ಹೋಟೆಲಿನ ಪಂಕ್ತಿಗೆ ಬರುವುದು ಬೇರೆಲ್ಲೂ ಇರಲಿಲ್ಲ. ಇಲ್ಲಿ ಒಂದು ಚಮಚ ಮೊಸರಿಗಾಗಿ ಬರುತ್ತಿದ್ದರು. ಅನಂತಯ್ಯನ ಹೆಂಡತಿ ಬಾಣಂತನದಲ್ಲಿ ತೀರಿಕೊಂಡ ಮೇಲೆ ಆ ಕೆಲಸ ತಮ್ಮನ ಹೆಂಡತಿ ಸರಸಳ ಕೈಗೆ ಬಂತು. ಕಾಗೆ ಕಾಯುವ ಕೆಲಸವೂ ಜೊತೆಗೇ ಬಂತು. ಉಣ್ಣುವ ಚಾವಡಿಗೆ ಹೊಳೆಯ ಕಡೆ ಗೋಡೆ ಇರಲಿಲ್ಲ. ಎಂಜಲೆಲೆ ಕಂಡರೆ ಕಡವಿನ ಕಾಗೆಗಳೆಲ್ಲ ಮಾಡಿನ ಅಂಚಿಗೆ ಬಂದು ಸಾಲಾಗಿ ಕೂರುತ್ತಿದ್ದವು. ಸರಸ ಅಡಿಕೆ ದಬ್ಬೆಯ ಒಂದು ಕೋಲು ಹಿಡಿದು ಎಲೆಯ ಪಕ್ಕ ಕೂತು, ಒಂದು ಕಣ್ಣು ಹೊಳೆಯ ಮೇಲೆ, ಒಂದು ಕಣ್ಣು ಕಾಗೆಗಳ ಮೇಲೆ ಇಟ್ಟುಕೊಂಡಿರುತ್ತಿದ್ದಳು.

ಚಾವಡಿ ಬ್ರಾಹ್ಮಣರಿಗೆ, ಜಗಲಿ ಉಳಿದವರಿಗೆ. ಅಂಗಳದಲ್ಲಿ ನಿಲ್ಲುವ ಮೀನುಗಾರರಿಗೆ ಗೆರಟೆಯಲ್ಲಿ, ಅಂದರೆ ತೆಂಗಿನ ಚಿಪ್ಪಿನಲ್ಲಿ, ಮೇಲಿನಿಂದ ಹೊಯ್ದ ಕಾಫಿ. ಅಂಗಳದವರಿಗೆ ಎಲೆಯೇ ಇಲ್ಲ, ಇನ್ನು ಕಾಯುವುದೆಲ್ಲಿಂದ ಬಂತು.

ಅಂಗಳಕ್ಕೆ ದಿನವೂ ಬರುವವಳು ಬೆಳ್ಳಿ. ಗಂಗೊಳ್ಳಿಯಲ್ಲಿ ಮೀನು ಕೊಂಡು ದೋಣಿಯಲ್ಲಿ ಈಚೆ ಬಂದು ಕುಂದಾಪುರದ ಬೀದಿಗಳಲ್ಲಿ ಮಾರುತ್ತಿದ್ದಳು. ಅವಳ ಬುಟ್ಟಿಯ ಹಿಂದೆ ಕಾಗೆಗಳ ಒಂದು ದಿಬ್ಬಣವೇ ಇರುತ್ತಿತ್ತು.

“ಹ್ವಾಯ್ ಅಮ್ಮ, ಒಂದ್ ಗೆರಟಿ ಕಾಫಿ ಹೊಯ್ನಿ,” ಎಂದು ಅವಳು ಕೂಗಿದರೆ ಸರಸ ಎಲೆಯ ಪಕ್ಕದಿಂದ ಏಳುತ್ತಿರಲಿಲ್ಲ.

“ತಡಿ ಬೆಳ್ಳಿ, ದೋಣಿ ಮುಟ್ಲಿ.”

“ನಿಮ್ ದೋಣಿ ಮುಟ್ಟುದ್ರೊಳ್ಗೆ ನನ್ ಬಂಗ್ಡೆ ಹಳ್ಸ್ತ್. ಒಂದ್ ಮಾತ್ ಹೇಳ್ತೆ ಅಮ್ಮ, ಈ ಕಡವಿನ್ ಕಾಗೆಯೆಲ್ಲ ನಿಮ್ ಗುರ್ತ ಇಟ್ಕಂಡಿದೊ. ನಿಮ್ಮನ್ ಕಂಡ್ರೆ ಒಂದೂ ಕೆಳ್ಗ್ ಇಳಿತಿಲ್ಲ. ಎಲ್ಲ ನನ್ ಬುಟ್ಟಿಗೇ ಬತ್ತೊ. ನೀವ್ ಓಡ್ಸುದ್, ನಾನ್ ಸಾಕುದ್.”

ಸರಸ ನಗುತ್ತಿದ್ದಳು. ಅದು ನಿಜವೂ ಆಗಿತ್ತು. ಕೋಲು ಎತ್ತುವುದೇ ಬೇಡ, ಅವಳು ಚಾವಡಿಯ ಬಾಗಿಲಿಗೆ ಬಂದರೆ ಸಾಕು, ಕಾಗೆಗಳು ಎದ್ದು ತೆಂಗಿನ ಮರ ಸೇರುತ್ತಿದ್ದವು.

ಅವಳ ಗಂಡ ಗೋವರ್ಧನ ಆ ಹೋಟೆಲಿನ ಕಾಫಿಯವನು. ನಗಿಸುವ ಮನುಷ್ಯ. ಎಡಗೈ ಮಣಿಗಂಟಿನ ಮೇಲೆ ನೀರಿನ ಹಂಡೆ ಸುಟ್ಟ ಗುರುತು ವೀಳ್ಯದೆಲೆಯ ಆಕಾರದಲ್ಲಿತ್ತು. ‘ನಾ ಕಳ್ದ್ ಹೋದ್ರೆ ಹುಡ್ಕುಕೆ ದೇವ್ರ್ ಒತ್ತಿದ್ ಮೊಹರ್’ ಎನ್ನುತ್ತಿದ್ದ. ಯುದ್ಧ ಶುರುವಾಗಿ ಅಕ್ಕಿ, ಸಕ್ಕರೆ, ಸೀಮೆಎಣ್ಣೆ ಒಂದೊಂದಾಗಿ ದುರ್ಲಭವಾದವು. ಹಡಗುಗಳು ಸರಕಾರದ ಪಾಲಾಗಿ ಹೊಳೆ ದಾಟುವವರೂ ಕಡಿಮೆಯಾದರು. ಒಂದು ಒಲೆ ಎರಡು ಸಂಸಾರಕ್ಕೆ ಸಾಲದು ಎಂದು ನಾಲ್ವತ್ತೊಂದರ ಚಳಿಗಾಲದಲ್ಲಿ ಗೋವರ್ಧನ ಬೊಂಬಾಯಿಗೆ ಹೊರಟ. ಗೋದಿಯ ಹತ್ತಿರ, ಅಂದರೆ ಹಡಗುಗಳು ಸರಕು ಇಳಿಸುವಲ್ಲಿ, ಒಂದು ಹೋಟೆಲಿನಲ್ಲಿ ಕೆಲಸವಿತ್ತು.

ಅವನು ಜೀವಮಾನದಲ್ಲಿ ಮೊದಲ ಸಲ ಚಾವಡಿಯ ಪಂಕ್ತಿಯಲ್ಲಿ, ಗಿರಾಕಿಯ ಜಾಗದಲ್ಲಿ ಕೂತು ಉಂಡ. ಸರಸ ಮೊಸರು ತಂದಳು.

“ಸಮಾ ಹಾಕ್ ಮಾರಾಯ್ತಿ. ಬೊಂಬಾಯಂಗೆ ಮೊಸ್ರಂದ್ರೆ ಸುಣ್ಣದ್ ನೀರಂಬ್ರ್.”

“ಒಂದೇ ಚಮ್ಚ ಹಾಕುದ್ ಶಾಸ್ತ್ರ.”

“ಹಾಂಗಾರೆ ಉಳ್ದದ್ ಬಂದ್ಕಂಡ್ ಉಂತೆ. ಎತ್ತಿಡ್.”

ಎದ್ದು ಕೈತೊಳೆದು, ಗಂಟು ಹೆಗಲಿಗೆ ಹಾಕಿಕೊಂಡು, ‘ಬತ್ತೆ’ ಎಂದ. ಹೋಗುವವರು ‘ಹೋತೆ’ ಎನ್ನುವ ಕ್ರಮ ಇಲ್ಲಿಲ್ಲ. ಎಲ್ಲರೂ ‘ಬತ್ತೆ’ ಎಂದೇ ಹೋಗುವುದು. ಅವಳು ಎಲೆಯ ಪಕ್ಕ ಕೂತಳು. ಕಾಗೆಯ ನೆರಳನ್ನೂ ಎಲೆಯ ಮೇಲೆ ಬೀಳಗೊಡಲಿಲ್ಲ. ಆಚೆ ದಡದಲ್ಲಿ ಜಲ್ಲೆ ನೆಟ್ಟದ್ದು ಕಂಡ ಮೇಲೂ ಸ್ವಲ್ಪ ಹೊತ್ತು ಕೂತೇ ಇದ್ದು, ಆಮೇಲೆ ಎತ್ತಿದಳು. ಶಾಸ್ತ್ರದಲ್ಲಿ ಒಂದು ಕೂದಲಿನಷ್ಟೂ ಲೋಪವಿರಲಿಲ್ಲ.

ನಾಲ್ವತ್ತನಾಲ್ಕರ ಸೌರಯುಗಾದಿಯ ಹೊತ್ತಿಗೆ ಬೊಂಬಾಯಿಯ ಗೋದಿಯಲ್ಲಿ ಮದ್ದು ತುಂಬಿದ ಹಡಗು ಸಿಡಿಯಿತು. ಸುದ್ದಿ ಕುಂದಾಪುರಕ್ಕೆ ಬರುವಾಗ ಮನೆಯಲ್ಲಿ ಹಬ್ಬದ ಪಾಯಸ ಹಳಸಿರಲಿಲ್ಲ. ಎಷ್ಟು ಜನ ಸತ್ತರು ಎಂದು ಯಾರಿಗೂ ಗೊತ್ತಿಲ್ಲ, ಕೇರಿಗೆ ಕೇರಿಯೇ ಸುಟ್ಟಿತು ಎಂದರು. ಗೋವರ್ಧನನ ಕಾಗದ ಬರುವುದು ನಿಂತಿತು. ಅವನ ಜೊತೆ ಅದೇ ಹೋಟೆಲಿನಲ್ಲಿದ್ದ ಬಾರ್ಕೂರಿನ ಶೀನ ಹೊಳ್ಳ ಮಳೆಗಾಲಕ್ಕೆ ಮುಂಚೆ ಊರಿಗೆ ಬಂದನೆಂದು ತಿಳಿದು ಅನಂತಯ್ಯ ಬಾರ್ಕೂರಿಗೆ ಹೋಗಿ ಬಂದರು.

“ಅವ್ನ್ ಕಾಣ್ಲಿಲ್ಲ ಅಂಬ್ರ್,” ಎಂದರು ಸರಸಳಿಗೆ. “ಜನ ದಿಕ್ಕಾಪಾಲಾಯ್ ಹೋದ್ರಂಬ್ರ್. ಎಲ್ಲಾರೂ ಇಪ್ಪುಕೂ ಸಾಕ್.”

ಎಲ್ಲಾದರೂ ಇರಲೂ ಸಾಕು. ಆ ಮಾತಿನ ಮೇಲೆ ಸರಸ ಮೂರು ವರ್ಷ ಬದುಕಿದಳು. ಹಣೆಗೆ ಕುಂಕುಮ ಇಟ್ಟಳು, ಕೈಗೆ ಬಳೆ ತೊಟ್ಟಳು, ಹೊರಟವರಿಗೆ ಮೊಸರು ಬಡಿಸಿದಳು. ಕಾಣದೆ ಹೋದವನಿಗಾಗಿ ಹನ್ನೆರಡು ವರ್ಷ ಕಾಯಬೇಕು, ಆಮೇಲೆಯೇ ದರ್ಭೆಯ ಬೊಂಬೆ ಸುಟ್ಟು ಕರ್ಮ ಮಾಡುವುದು ಎಂದು ಪುರೋಹಿತರು ಹೇಳಿದ್ದರು. ಅವಳಿಗೆ ಅಳಬೇಕೆನ್ನಿಸಿದಾಗ ಇದ್ದವನಿಗಾಗಿ ಅಳುವುದು ಅಪಶಕುನ ಎನ್ನಿಸುತ್ತಿತ್ತು. ನಗಬೇಕೆನ್ನಿಸಿದಾಗ ಇಲ್ಲದವನ ಹೆಂಡತಿ ನಗಬಹುದೇ ಎನ್ನಿಸುತ್ತಿತ್ತು. ಬೆಳ್ಳಿ ಒಂದು ದಿನ ಗೆರಟೆ ಕೆಳಗಿಟ್ಟು ಹೇಳಿದಳು:

“ನಮ್ದೇ ವಾಸಿ ಅಮ್ಮ. ನಮ್ಮಲ್ ಗಂಡ್ಸ್ರ್ ಸಮುದ್ರದಂಗೆ ಹೋದ್ರೆ, ಸಮುದ್ರವೇ ಒಂದ್ ವಾರದೊಳ್ಗೆ ಹೌದೋ ಅಲ್ದೋ ಹೇಳತ್ತ್. ಮರ್ದಿನ ಬುಟ್ಟಿ ಹೊರುದೆ. ನಿಮ್ ಬೊಂಬಾಯಿಗೆ ಬಾಯೇ ಇಲ್ಲ.”

ನಾಲ್ವತ್ತೇಳರ ಕಾರ್ತಿಕದಲ್ಲಿ ಹಡಗುಗಳು ಮತ್ತೆ ಸರಿಯಾಗಿ ಬರತೊಡಗಿದವು. ಹೋಟೆಲ್ ತುಂಬಿತು. ಹಾಗೆ ಬಂದವರ ನಡುವೆ ಒಂದು ದಿನ ಶೀನ ಹೊಳ್ಳ ಚಾವಡಿಯಲ್ಲಿ ಕೂತಿದ್ದ. ಮೂರು ವರ್ಷ ಊರಿನಲ್ಲಿ ಗದ್ದೆ ಮಾಡಿ, ಸಾಲದೆ ಮತ್ತೆ ಬೊಂಬಾಯಿಗೆ ಹೊರಟಿದ್ದ. ಈ ಮೂರು ವರ್ಷ ಅವನು ಕುಂದಾಪುರಕ್ಕೆ ಬಂದರೂ ಕಡವಿನ ಕಡೆ ಕಾಲಿಟ್ಟಿರಲಿಲ್ಲ. ಇವತ್ತು ಬೇರೆ ದಾರಿ ಇರಲಿಲ್ಲ.

ಸರಸಳಿಗೆ ಅವನ ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಕೇಳಬೇಕೆಂದು ಎಷ್ಟೋ ಇತ್ತು. ತನ್ನವರು ಬೆಳಿಗ್ಗೆ ಏನು ಉಣ್ಣುತ್ತಿದ್ದರು, ರಾತ್ರಿ ಎಲ್ಲಿ ಮಲಗುತ್ತಿದ್ದರು, ಕಡೆಯ ಸಲ ಯಾವ ಮಾತಿಗೆ ನಕ್ಕರು. ಮೊಸರಿನ ತಪಲೆ ಹಿಡಿದು ಅವನ ಎದುರು ಬಂದಾಗ ಅವನು ಎರಡೂ ಅಂಗೈಯನ್ನು ಎಲೆಗೆ ಅಡ್ಡ ಹಿಡಿದ.

“ಬ್ಯಾಡ ಅಕ್ಕ. ಮೊಸ್ರ್ ನಂಗ್ ಮೈಗಾತಿಲ್ಲ.”

“ಒಂದ್ ಬೊಟ್ಟಾರೂ ಹಾಕ್ತೆ. ಹೊರಟವ್ರ್ ಬೇಡ ಅಂಬುಕಾಗ.”

“ಬ್ಯಾಡ,” ಎಂದ ಅವನು, ತಲೆ ಎತ್ತದೆ. ಪಕ್ಕದವರು ತಿರುಗಿ ನೋಡುತ್ತಿದ್ದರು. ಅವನಿಗೆ ಗಾಬರಿಯಾಯಿತು. ಕಟ್ಟಳೆ ಬಿಟ್ಟು ದೋಣಿ ಹತ್ತುವ ಧೈರ್ಯವೂ ಅವನಿಗೆ ಇರಲಿಲ್ಲ. “ಅನಂತಯ್ಯನೇ ಹಾಕ್ಲಿ. ಅವ್ರ್ ಕೈಯಂಗ್ ಆರೆ ಒಂದ್ ಚಮ್ಚ ಉಂತೆ.”

ಸರಸ ಅಲ್ಲೇ ನಿಂತಳು. ಮೈಗಾಗದ ಮೊಸರು ಅನಂತಯ್ಯನ ಕೈಯಿಂದ ಬಿದ್ದರೆ ಹೇಗೆ ಮೈಗೆ ಆಗುತ್ತದೆ. ತಪಲೆಯೊಳಗಿನ ಮೊಸರು ಅದೇ, ಚಮಚ ಅದೇ. ಬೇರೆಯಾದದ್ದು ಒಂದೇ, ಕೈ. ಅವಳು ತನ್ನ ಕೈ ನೋಡಿಕೊಂಡಳು. ಹಸಿರು ಬಳೆಗಳಿದ್ದವು. ಶೀನ ಹೊಳ್ಳ ಆ ಬಳೆಗಳನ್ನು ನೋಡುತ್ತಿರಲಿಲ್ಲ. ಅವುಗಳನ್ನು ನೋಡಬಾರದೆಂದೇ ತಲೆ ತಗ್ಗಿಸಿದ್ದ.

ಮೊಸರಿಗೆ ಅನಂತಯ್ಯ ಬರುವ ಮೊದಲೇ ಅವನು ಎದ್ದುಬಿಟ್ಟ. ಆಮೇಲೆ ಆ ಹೋಟೆಲಿನಲ್ಲಿ ಯಾರೂ ಮಾಡದ ಕೆಲಸ ಮಾಡಿದ. ತಾನು ಉಂಡ ಎಲೆಯನ್ನು ತಾನೇ ಮಡಚಿ ಎತ್ತಿಕೊಂಡು ಹೋಗಿ ಹಿತ್ತಿಲಿಗೆ ಎಸೆದ. ಅವಳು ತನ್ನ ಎಲೆಯ ಪಕ್ಕ ಕೂರಬಾರದು, ಅವಳ ಕಣ್ಣು ತನ್ನ ದೋಣಿಯ ಬೆನ್ನು ಹತ್ತಬಾರದು. ಬಾಯಿಯಲ್ಲಿ ಅವನು ಇನ್ನೂ ಏನನ್ನೂ ಹೇಳಿರಲಿಲ್ಲ. ಮೂರು ವರ್ಷ ಕಾಪಾಡಿದ ಗುಟ್ಟನ್ನು ಕೈಯಿಂದ ಹೇಳಿ, ‘ಬತ್ತೆ’ ಎಂದೂ ಹೇಳದೆ, ಕಡವಿಗೆ ಇಳಿದುಹೋದ.

ಅನಂತಯ್ಯ ಒಲೆಯ ಮುಂದೆ ಇದ್ದರು. ಸರಸ ತಪಲೆ ಕೆಳಗಿಟ್ಟಳು.

“ಭಾವ, ಅವ್ರ್ ಹೋದ್ದ್ ನಿಮ್ಗ್ ಯಾವಾಗ್ ಗೊತ್ತಾಯ್ತ್?”

ಅನಂತಯ್ಯ ಕೈಯಲ್ಲಿದ್ದ ಸೌಟನ್ನು ನೋಡಿದರು. “ಯಾರ್ ಹೇಳ್ರ್ ನಿಂಗೆ?”

“ಯಾರೂ ಹೇಳ್ಲಿಲ್ಲ. ಹೊಳ್ಳರ್ ಎಲೆ ಎತ್ರ್.”

ಅವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಆ ಮನೆಯವರಿಗಲ್ಲದೆ ಇನ್ಯಾರಿಗೆ ಅದು ಅರ್ಥವಾಗಬೇಕು. ಮಣೆಯ ಮೇಲೆ ಕೂತು ನಿಧಾನವಾಗಿ ಹೇಳಿದರು. ಗೋವರ್ಧನ ಚಹದ ಕೆಟಲ್ ಹಿಡಿದು ಗೋದಿಯ ಕಡೆ ಹೋದದ್ದನ್ನು ಹೊಳ್ಳ ಕಂಡಿದ್ದ. ಆಮೇಲೆ ಆಸ್ಪತ್ರೆಯ ಅಂಗಳದಲ್ಲಿ ಸಾಲಾಗಿ ಮಲಗಿಸಿದವರ ನಡುವೆ ಮುಖದಿಂದ ಅಲ್ಲ, ಎಡಗೈಯ ಸುಟ್ಟ ಕಲೆಯಿಂದ ಅವನ ಗುರುತು ಹಿಡಿದಿದ್ದ. ಬೆಂಕಿ ಕೊಟ್ಟವನೂ ಅವನೇ.

“ಬಾರ್ಕೂರಿಂದ ಬಪ್ಪತ್ತಿಗೆ ಹೇಳ್ಕ್ ಅಂದ್ಕಂಡೇ ಬಂದೆ. ನೀನ್ ಯಾರದ್ದೋ ಎಲೆ ಎದ್ರ್ ಕೂಕಂಡಿದ್ದೆ. ‘ಒಂಚೂರ್ ತಡೀನಿ ಭಾವ, ದೋಣಿ ಇನ್ನೂ ಮುಟ್ಲಿಲ್ಲ’ ಅಂದೆ. ನಾ ತಡ್ದೆ. ಮತ್ ಹೇಳುಕೆ ಬಾಯ್ ಬರ್ಲಿಲ್ಲ. ನಿನ್ ಕೈ ಬಳೆ ಒಡ್ಸುದ್, ತಲೆ ಬೋಳ್ಸುದ್, ಒಳ್ಗ್ ಕೂರ್ಸುದ್, ನನ್ ಕೈಯಂಗ್ ಆಪ ಕೆಲ್ಸ ಅಲ್ಲ ಮಾರಾಯ್ತಿ.” ಸುಳ್ಳು ಹೇಳಲು ಇನ್ನು ಶಕ್ತಿಯಿಲ್ಲದವರಂತೆ, ಉಳಿದದ್ದನ್ನೂ ಹೇಳಿದರು. “ಹೋಟ್ಲೂ ಇತ್ತಲೆ. ಮೊಸ್ರ್ ಬಡ್ಸುಕೆ ಇನ್ಯಾರಿದ್ರ್.”

ಸರಸಳಿಗೆ ಸಿಟ್ಟು ಬರಬೇಕಿತ್ತು. ಅವಳ ಮನಸ್ಸು ಬೇರೆಲ್ಲೋ ಓಡುತ್ತಿತ್ತು. ಈ ಮೂರು ವರ್ಷದಲ್ಲಿ ಅವಳ ಕೈಯ ಮೊಸರು ಉಂಡವರು ಯಾರು ಯಾರು ಎಂದು ನೆನಪು ಮಾಡಿಕೊಂಡಳು. ಹೊಳೆ ಉಕ್ಕಿದ ದಿನಗಳಲ್ಲಿ ಹೊರಟವರೂ ಇದ್ದರು. ಒಬ್ಬರೂ ಮುಳುಗಿರಲಿಲ್ಲ. ವಿಧವೆಯ ಮೊಸರು ಉಂಡವರೆಲ್ಲ ದಡ ಸೇರಿದ್ದರು, ಎಷ್ಟೋ ಜನ ತಿರುಗಿ ಬಂದು ಅದೇ ಚಾವಡಿಯಲ್ಲಿ ಕಾಫಿ ಕುಡಿದಿದ್ದರು. ಮುತ್ತೈದೆಯ ಮೊಸರು ಉಂಡು, ಕಾದ ಎಲೆ ಬಿಟ್ಟು ಹೋದವನು ತಿರುಗಿ ಬರಲಿಲ್ಲ. ಅಂದರೆ ಮೊಸರಿನಲ್ಲೂ ಏನೂ ಇಲ್ಲ, ಕೈಯಲ್ಲೂ ಏನೂ ಇಲ್ಲ. ಎಲೆಯ ಅಧಿಕಾರ ಇದ್ದರೂ ಎದುರಿಗೆ ಕಾಣುವ ಆ ದಡದವರೆಗೆ ಮಾತ್ರ. ಇದು ಅವಳಿಗೆ ಹೊಳೆಯ ನೀರಿನಷ್ಟೇ ಸ್ಪಷ್ಟವಾಯಿತು. ಆದರೆ ಅದನ್ನು ಯಾರ ಮುಂದೆ ಹೇಳುವುದು, ಹೇಳಿದರೆ ಯಾರು ಕೇಳುತ್ತಾರೆ.

“ಹೊಳ್ಳ ಹೋಯ್ ಆಯ್ತ್,” ಎಂದರು ಅನಂತಯ್ಯ. “ನಾ ಬಾಯ್ ಬಿಡುದಿಲ್ಲ. ನೀನ್ ಹೀಂಗೇ ಇರ್. ಯಾರಿಗೂ ತಿಳೂದಿಲ್ಲ.”

ಅದು ಸುಳ್ಳಲ್ಲ. ಅವಳು ಹೂಂ ಎಂದರೆ ಕುಂಕುಮ ಹಣೆಯಲ್ಲೇ ಇರುತ್ತಿತ್ತು, ಚಾವಡಿ ಅವಳದೇ ಆಗಿರುತ್ತಿತ್ತು, ಹೊಳೆಯ ಗಾಳಿ ದಿನವೂ ಮುಖಕ್ಕೆ ಬಡಿಯುತ್ತಿತ್ತು. ಬೇಡ ಎಂದರೆ ಕತ್ತಲೆಯ ಅಡಿಗೆಕೋಣೆ.

“ನಂಗ್ ತಿಳೀತಲೆ, ಭಾವ.” ಅವಳ ಸ್ವರ ಏರಲಿಲ್ಲ. “ಸತ್ತವ್ರಿಗ್ ಅನ್ನ ಇಟ್ಟ್ ಕಾಗೆ ಕರೂಕಿತ್ತ್. ಅವ್ರ್ ಹಸ್ಕಂಡ್ ಬಂದಿರ್ರೆ, ಈ ಮಾಡಿನ್ ಮೇಲೇ ಬಂದ್ ಕೂತಿರ್ರೆ? ಮೂರ್ ವರ್ಷ ನಾ ಎಂತ ಮಾಡ್ದೆ, ಕಾಣಿ. ಕೋಲ್ ಹಿಡ್ಕಂಡ್ ಓಡ್ಸ್ದೆ.”

ಅನಂತಯ್ಯ ಮುಖ ಮುಚ್ಚಿಕೊಂಡರು.

ಸರಸ ಚಾವಡಿಗೆ ಬಂದಳು. ಶೀನ ಹೊಳ್ಳನ ದೋಣಿ ಹೊಳೆಯ ನಡುವೆ ಇತ್ತು. ಅವನು ಕೂತಿದ್ದ ಜಾಗದಲ್ಲಿ ಎಲೆ ಇರಲಿಲ್ಲ, ಎಲೆಯ ಆಕಾರದ ಒದ್ದೆ ಗುರುತು ಮಾತ್ರ ಸಗಣಿನೆಲದ ಮೇಲೆ ಆರುತ್ತಾ ಇತ್ತು. ಸಾರಿಸುವವಳು ನೀರು ತಂದಿದ್ದಳು. ಸರಸ ಅವಳನ್ನು ಕಣ್ಣಿನಲ್ಲೇ ತಡೆದು, ಆ ಬರಿನೆಲದ ಪಕ್ಕ ಕೂತಳು. ತನ್ನ ನೋಟಕ್ಕೆ ಹೆದರಿ ಹೋದವನ ದೋಣಿಯನ್ನು, ಅವನಿಗೆ ತಿಳಿಯದಂತೆ, ಆಚೆ ದಡದವರೆಗೆ ನೋಡಿದಳು. ಗೋವರ್ಧನನಿಗೆ ಬೆಂಕಿ ಕೊಟ್ಟ ಕೈ ಅದು. ಜಲ್ಲೆ ನೆಟ್ಟದ್ದು ಕಂಡ ಮೇಲೆ ಎದ್ದು ತಾನೇ ನೆಲ ಸಾರಿಸಿದಳು. ಆಮೇಲೆ ಬಾವಿಕಟ್ಟೆಗೆ ಹೋಗಿ ಬಳೆಗಳನ್ನು ಒಂದೊಂದಾಗಿ ಕಲ್ಲಿಗೆ ತಾಗಿಸಿದಳು.

ಹೊಳ್ಳ ಕಂಡಿದ್ದನ್ನು ಅನಂತಯ್ಯ ಪುರೋಹಿತರ ಮುಂದೆ ಒಪ್ಪಿಕೊಂಡ ಮೇಲೆ ಹನ್ನೆರಡು ವರ್ಷ ಕಾಯುವ ಪ್ರಮೇಯ ಇರಲಿಲ್ಲ. ದರ್ಭೆಯ ಬೊಂಬೆ ಸುಟ್ಟರು. ಪುರೋಹಿತರು ತಲೆ ಬೋಳಿಸುವ ಮಾತು ಎತ್ತಿದಾಗ ಅನಂತಯ್ಯ, “ಅದೊಂದ್ ಬಿಡಿ,” ಎಂದರು. ಅಷ್ಟನ್ನು ಮಾತ್ರ ಅವರು ಗೆದ್ದರು. ಸುದ್ದಿ ದೋಣಿಗಿಂತ ಬೇಗ ಹೊಳೆ ದಾಟಿತು. ಮೂರು ವರ್ಷ ಆ ಮೊಸರು ಉಂಡವರ ಮನೆಗಳಲ್ಲಿ ಹಿಂದಿನ ಜ್ವರ, ಮುರಿದ ಮದುವೆ, ಸತ್ತ ಎಮ್ಮೆ ಎಲ್ಲಕ್ಕೂ ಈಗ ಕಾರಣ ಸಿಕ್ಕಿತು. ಹೋಟೆಲ್ ಮುಚ್ಚಲಿಲ್ಲ. ಒಲೆ ಉರಿಯಿತು, ಕಾಫಿ ಕುದಿಯಿತು. ಆದರೆ ಹೊರಟವರು ಹೊಳೆ ದಾಟಿಯೇ ಉಣ್ಣತೊಡಗಿದರು. ಕಾಯಲು ಎಲೆಗಳಿಲ್ಲದ ಹೋಟೆಲನ್ನು ಜನ ಬರೇ ‘ಕಡವಿನ ಹೋಟೆಲ್’ ಎಂದರು.

ಆದರೆ ಅದೆಲ್ಲ ಆಮೇಲಿನ ಮಾತು. ಕರ್ಮ ಮುಗಿದ ದಿನ ಹೊಳೆಬದಿಯ ಅಂಗಳದಲ್ಲಿ ಎಲೆ ಹಾಕಿ ಅನ್ನ, ಮೇಲೆ ಮೊಸರು ಇಟ್ಟಿದ್ದರು. ಒಂದು ಚಮಚವಲ್ಲ, ಸರಸ ಹೇಳಿ ಕಳಿಸಿದಂತೆ ಧಾರಾಳವಾಗಿ. ಅನಂತಯ್ಯ ಕೈತಟ್ಟಿ ಕಾಗೆಗಳನ್ನು ಕರೆದರು. ಕಾಗೆಗಳು ಇದ್ದವು. ಮಾಡಿನ ಅಂಚಿನಲ್ಲಿ, ತೆಂಗಿನ ಗರಿಯ ಮೇಲೆ ಕತ್ತು ಕೊಂಕಿಸಿ ನೋಡುತ್ತಿದ್ದವು. ಒಂದೂ ಇಳಿಯಲಿಲ್ಲ. ಬಿಸಿಲು ಏರಿತು. ಮೊಸರಿನ ಮೇಲೆ ನೊಣ ಕೂತಿತು. ಸತ್ತವನ ಮನಸ್ಸಿನಲ್ಲಿ ಏನೋ ಉಳಿದಿದೆ, ಅದಕ್ಕೇ ಮುಟ್ಟುವುದಿಲ್ಲ ಎಂದು ಪುರೋಹಿತರು ಗೊಣಗಿದರು.

ಬೇಲಿಯ ಆಚೆ ಬೆಳ್ಳಿ ನಿಂತಿದ್ದಳು. ಮೀನಿನ ಬುಟ್ಟಿ ಇದ್ದ ಕಾರಣ ಹತ್ತಿರ ಬಂದಿರಲಿಲ್ಲ.

“ಅಯ್ಯ,” ಎಂದಳು ಮೆಲ್ಲಗೆ, “ಅಮ್ಮ ಬಾಗ್ಲಂಗ್ ನಿಂತಿದ್ರಲೆ.”

ಎಲ್ಲರೂ ತಿರುಗಿದರು. ಸರಸ ಚಾವಡಿಯ ಬಾಗಿಲಲ್ಲಿ, ಯಾವಾಗಲೂ ಕೋಲು ಹಿಡಿದು ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದಳು. ಕೈ ಖಾಲಿಯಾಗಿತ್ತು. ಕಾಗೆಗಳಿಗೆ ಅದು ಗೊತ್ತಿರಲಿಲ್ಲ.

ಒಳಗೆ ಹೋಗು ಎಂದು ಯಾರೂ ಹೇಳಬೇಕಾಗಲಿಲ್ಲ. ಆರು ವರ್ಷ ಹೊಳೆಯನ್ನೇ ನೋಡುತ್ತಾ ಅವನಿಗಾಗಿ ಕಾದವಳಿಗೆ, ಅವನು ಬರಬೇಕಾದರೆ ತಾನು ಅಲ್ಲಿ ಇರಬಾರದು ಎಂಬುದು ತಿಳಿಯಿತು. ಅವಳು ಒಳಗೆ ಹೋಗಿ ಬಾಗಿಲು ಎಳೆದುಕೊಂಡು, ಕತ್ತಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಳು.

ಹೊರಗೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ರೆಕ್ಕೆ ಬಡಿದ ಸದ್ದು, ಎಲೆಯ ಮೇಲೆ ಉಗುರು ಕೆರೆದ ಸದ್ದು.

“ಬಂದ್ರ್, ಅಮ್ಮ,” ಎಂದಳು ಬೆಳ್ಳಿ, ಬೇಲಿಯ ಆಚೆಯಿಂದ. ಬಂತು ಎನ್ನಲಿಲ್ಲ. “ಉಂತಾ ಇದ್ರ್.”